ಮಬ್ಬು ಎಲ್ಲಿತ್ತು?

ನಮ್ಮ ಮಂಡ್ಯ ಸೀಮೆಯಲ್ಲಿ ಎಚ್‌.ಡಿ. ಅಂದರೆ ಮೊದಲು ದೇವೇಗೌಡರು, ಆಮೇಲೆ ಕುಮಾರಸ್ವಾಮಿ. ಮೂರನೆಯ ಅರ್ಥವೊಂದು ಇರಬಹುದೆಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. 2014ರಲ್ಲಿ ಲೋಕಸಭಾ ಚುನಾವಣೆ ಮುಗಿದ ಹೊಸತರಲ್ಲಿ ನನ್ನ ತಮ್ಮ ‘ಮನೆಗೆ ಎಚ್‌ಡಿ ಬರ್ಲೇಬೇಕು’ ಎಂದು ಹಟ ಹಿಡಿದಾಗ ಅವ್ವ ಕೇಳಿದ್ದು ಒಂದೇ ಮಾತು: ‘ಯಾಕ್ಲಾ, ಎಲೆಕ್ಸನ್ ಮುಗುದ್ಮೇಲೂ ಬತ್ತಾರಾ ಅವ್ರು?’

ತಮ್ಮ ಕೇಳಿದ್ದು ಹೈ ಡೆಫಿನಿಷನ್ ಟಿವಿಯನ್ನು. ಅದೂ ವಾರ್ತೆ ನೋಡಲಿಕ್ಕಲ್ಲ, ಗೇಮ್ ಆಡಲಿಕ್ಕೆ.

ಚಿಕ್ಕರಸಿನಕೆರೆ ಮದ್ದೂರು ತಾಲ್ಲೂಕಿನ ಒಂದು ಹೋಬಳಿ ಊರು. ಹೊರಗಿನವರಿಗೆ ನಮ್ಮೂರು ಪರಿಚಯವಾಗಿರುವುದು ಕಾಲಭೈರವೇಶ್ವರನ ಬಸವಪ್ಪನಿಂದ. ಮನೆಯ ಜಗಳ, ಕಳವು, ಮದುವೆಯ ಅನುಮಾನ ಎಲ್ಲವನ್ನೂ ಅದರ ಮುಂದಿಟ್ಟು ಕೇಳುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಪಕ್ಕದ ದೊಡ್ಡರಸಿನಕೆರೆ ಅಂಬರೀಶ್ ಅವರ ಊರು. ಗದ್ದೆಗೆ ನೀರು ವಿಶ್ವೇಶ್ವರಯ್ಯ ನಾಲೆಯದು, ಕಬ್ಬು ಹೋಗುವುದು ಭಾರತೀನಗರದ ಕಾರ್ಖಾನೆಗೆ. ಇಂಥ ಊರಿನ ರೈತನ ಮನೆಯಲ್ಲಿ ಟಿವಿ ಬದಲಿಸುವುದೆಂದರೆ ಬೋರಿನ ಮೋಟಾರು, ಹಸು, ಮನೆಯ ಸುಣ್ಣ ಎಲ್ಲ ಆದ ಮೇಲಿನ ಮಾತು. ಇರುವ ಟಿವಿ ಇನ್ನೂ ಓಡುತ್ತಿರುವಾಗ ಇನ್ನೊಂದು ತರುವುದಂತೂ ಸೊಕ್ಕಿನ ಲೆಕ್ಕ. ‘ಯಾವ ಟಿವಿ ತರಾದು ಅಂತ ಬಸವಪ್ಪನ್ನೇ ಕೇಳ್ಬುಡಿ’ ಎಂದು ಪಕ್ಕದ ಮನೆಯ ಮಾವ ತಮಾಷೆ ಮಾಡಿದ್ದರು.

ಆದರೆ ಅಪ್ಪ ಬೇಡ ಅನ್ನಲಿಲ್ಲ. ಅದಕ್ಕೊಂದು ಹಿನ್ನೆಲೆ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಗೊಂದು ಟಿವಿ ಗೇಮ್ ಬಂದಿತ್ತು. ಜಪಾನಿನ ನಿಂಟೆಂಡೊ ಯಂತ್ರವನ್ನು ಯಾರೋ ಎಲ್ಲೋ ನಕಲು ಮಾಡಿ ಮಾರುತ್ತಿದ್ದ ಅಗ್ಗದ ಡಬ್ಬಿ ಅದು. ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದಿರುತ್ತಿತ್ತು; ಒಳಗೆ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಡಕ್ ಹಂಟ್ ಸೇರಿ ಹತ್ತೋ ಇಪ್ಪತ್ತೋ ಇದ್ದಾವು. ಅದರಲ್ಲಿ ರೋಡ್ ಫೈಟರ್ ಎಂಬ ಕಾರಿನ ಆಟವನ್ನು ಅಪ್ಪ ಕಲಿತುಬಿಟ್ಟಿದ್ದರು. ಹಗಲೆಲ್ಲ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುವ ಮನುಷ್ಯನಿಗೆ ರಾತ್ರಿ ನಾನೂರರ ವೇಗ! ಆಡುವಾಗ ಮೈಯನ್ನೂ ಎಡಕ್ಕೆ ಬಲಕ್ಕೆ ಬಾಗಿಸುತ್ತಿದ್ದರು. ಡಬ್ಬಿ ಕೆಟ್ಟಿತು, ನಾವು ದೊಡ್ಡವರಾದೆವು, ಆದರೆ ಅಪ್ಪನಿಗೆ ಕಾರಿನ ಆಟದ ಆಸೆ ಹೋಗಲಿಲ್ಲ. ತಮ್ಮ ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಿಂದ ಬಳಸಿದ ಪ್ಲೇಸ್ಟೇಷನ್ 3 ಒಂದನ್ನು ಹೊತ್ತು ತಂದಾಗ ಮೊದಲು ಜೊತೆಗೆ ಕೂತದ್ದು ಅವರೇ. ಗ್ರ್ಯಾನ್ ಟೂರಿಸ್ಮೊ ಆಟದಲ್ಲಿ ಪರದೆಯನ್ನು ಎರಡು ಪಾಲು ಮಾಡಿಕೊಂಡು ಇಬ್ಬರೂ ಕಾರು ಬಿಡುತ್ತಿದ್ದರು.

ತೊಂದರೆ ಅಲ್ಲೇ ಶುರುವಾಯಿತು. ನಮ್ಮದು 21 ಇಂಚಿನ, ಬೆನ್ನು ಉಬ್ಬಿದ ಪಿಕ್ಚರ್ ಟ್ಯೂಬಿನ ಟಿವಿ. ಅದರ ಅರ್ಧ ಪರದೆಯಲ್ಲಿ ಕಾರು ಕಾಣುತ್ತಿತ್ತೇ ಹೊರತು ಎಷ್ಟನೇ ಗೇರು, ಎಷ್ಟು ವೇಗ, ಯಾವ ಸುತ್ತು ಎಂದು ಬರೆದ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ಇದು ನಮ್ಮನೆಯದೊಂದೇ ಕಥೆಯಲ್ಲ. 2006ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಡೆಡ್ ರೈಸಿಂಗ್ ಎಂಬ ಆಟ ಬಂದಾಗ, ಹಳೆಯ ಟಿವಿಯಲ್ಲಿ ಅದರ ಅಕ್ಷರಗಳನ್ನು ಓದಲಿಕ್ಕೇ ಆಗುವುದಿಲ್ಲವೆಂದು ಹೊರದೇಶಗಳಲ್ಲಿ ದೊಡ್ಡ ದೂರು ಎದ್ದಿತ್ತು. ಆಟ ಮಾಡುವವರು ತಮ್ಮ ಎದುರಿಗಿದ್ದ ಹೊಸ ಪರದೆಯನ್ನೇ ಎಲ್ಲರ ಮನೆಯ ಪರದೆ ಅಂದುಕೊಂಡಿದ್ದರು.

ಲೆಕ್ಕ ಹೀಗಿದೆ. ನಮ್ಮ ದೇಶ ಬಳಸುತ್ತಿದ್ದ ಪಾಲ್ ಪದ್ಧತಿಯ ಟಿವಿ ಚಿತ್ರಕ್ಕೆ 625 ಅಡ್ಡ ಗೆರೆಗಳು. ಅದರಲ್ಲಿ ಕಾಣುವುದು 576. ಅವನ್ನೂ ಒಟ್ಟಿಗೆ ಬರೆಯುವುದಿಲ್ಲ. ನಾಟಿ ಮಾಡುವಾಗ ಸಾಲು ಬಿಟ್ಟು ಸಾಲು ಹಿಡಿದ ಹಾಗೆ, ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಚುಕ್ಕಿಗಳ ಲೆಕ್ಕದಲ್ಲಿ ಹೇಳುವುದಾದರೆ ಒಂದು ಚಿತ್ರಕ್ಕೆ ಸುಮಾರು ನಾಲ್ಕು ಲಕ್ಷ ಚುಕ್ಕಿ. ಎಚ್‌ಡಿಯ ಸಣ್ಣ ಅಳತೆಯಾದ 1280×720ರಲ್ಲಿ ಒಂಬತ್ತು ಲಕ್ಷ ದಾಟುತ್ತದೆ. ದೊಡ್ಡ ಅಳತೆ 1920×1080ರಲ್ಲಿ ಇಪ್ಪತ್ತು ಲಕ್ಷದ ಮೇಲೆ. ಇಪ್ಪತ್ತು ಲಕ್ಷ ಚುಕ್ಕಿಗೆ ಬರೆದ ಅಕ್ಷರವನ್ನು ನಾಲ್ಕು ಲಕ್ಷದಲ್ಲಿ ಓದು ಅಂದರೆ ಯಾರಿಗಾದರೂ ಕಷ್ಟವೇ.

ಕಬ್ಬಿನ ದುಡ್ಡು ಬಂದ ಮೇಲೆ ಮದ್ದೂರಿನ ಅಂಗಡಿಯಿಂದ 32 ಇಂಚಿನ ಎಲ್‌ಇಡಿ ಟಿವಿ ಬಂತು. ಊದುಬತ್ತಿ ಹಚ್ಚಿ, ಕುಂಕುಮ ಇಟ್ಟು, ಪ್ಲೇಸ್ಟೇಷನ್ನಿನ ಕೆಂಪು-ಬಿಳಿ-ಹಳದಿ ಪಿನ್ನುಗಳನ್ನು ಚುಚ್ಚಿ ನೋಡಿದರೆ ಚಿತ್ರ ಹಳೆಯ ಟಿವಿಗಿಂತ ಮಬ್ಬು! ಅಪ್ಪ ಏನೂ ಮಾತಾಡಲಿಲ್ಲ. ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ಆ ಮೌನದ ಬೆಲೆ ಹದಿನೆಂಟು ಸಾವಿರ ರೂಪಾಯಿ.

ಮಬ್ಬು ಇದ್ದದ್ದು ವೈರಿನಲ್ಲಿ. ಆ ಹಳದಿ ಪಿನ್ನು ಬಣ್ಣ, ಬೆಳಕು ಎರಡನ್ನೂ ಕಲಸಿ ಒಂದೇ ತಂತಿಯಲ್ಲಿ ಸಾಗಿಸುವ ಹಳೆಯ ಕಾಲದ ದಾರಿ. ಎಚ್‌ಡಿ ಅದರಲ್ಲಿ ಹೋಗುವುದೇ ಇಲ್ಲ. ಪ್ಲೇಸ್ಟೇಷನ್ 3 ಎಚ್‌ಡಿಗೆಂದೇ ಹುಟ್ಟಿದ ಯಂತ್ರ. ಆದರೂ ಕಂಪನಿ ಡಬ್ಬಿಯೊಳಗೆ ಇಡುತ್ತಿದ್ದದ್ದು ಈ ಮೂರು ಬಣ್ಣದ ವೈರನ್ನೇ. ಎಚ್‌ಡಿಎಂಐ ವೈರನ್ನು ಬೇರೆ ಕೊಳ್ಳಬೇಕಿತ್ತು. ಹೊಸ ಟಿವಿ ಆ ನಾಲ್ಕು ಲಕ್ಷ ಚುಕ್ಕಿಗಳನ್ನೇ ಎಳೆದು ದೊಡ್ಡ ಪರದೆಗೆ ಹಾಸುತ್ತಿತ್ತು. ಚಿಕ್ಕ ಕಂಬಳಿಯನ್ನು ದೊಡ್ಡ ಮಂಚಕ್ಕೆ ಎಳೆದ ಹಾಗೆ. ಟ್ಯೂಬಿನ ಟಿವಿಯಲ್ಲಿ ಗೆರೆಗಳ ಅಂಚು ಒಂದರೊಳಗೊಂದು ಕರಗಿ ಕೊರತೆ ಮುಚ್ಚಿಹೋಗುತ್ತಿತ್ತು. ಇಲ್ಲಿ ಎಲ್ಲ ಬಯಲು. ಮಾರನೆಯ ದಿನ ಹೊಸ ವೈರು ಬಂತು. ರಸ್ತೆಯ ಅಂಚಿನ ಹುಲ್ಲು ಎಳೆ ಎಳೆಯಾಗಿ ಕಂಡಿತು. ‘ಎಂಗದೆ?’ ಎಂದು ತಮ್ಮ ಅಪ್ಪನನ್ನು ಕೇಳಿದ. ‘ಉಂ, ದೊಡ್ಡದಾಗದೆ’ ಅಂದರು ಅಪ್ಪ. ದೊಡ್ಡದು ಎಂದರೇ ಹೊರತು ಚೆನ್ನಾಗಿದೆ ಎನ್ನಲಿಲ್ಲ.

ಅವ್ವನದು ಬೇರೆ ತಕರಾರು. ಹಳೆಯ ಚಾನೆಲ್ಲುಗಳ ಚೌಕದ ಚಿತ್ರವನ್ನು ಹೊಸ ಟಿವಿ ಅಗಲಕ್ಕೆ ಎಳೆಯುತ್ತಿತ್ತು. ‘ಸೀರಿಯಲ್‌ನವ್ರೆಲ್ಲ ಒಂದೇ ದಿನ್ದಲ್ಲಿ ಊದ್ಕೊಂಡವ್ರಲ್ಲ!’ ಎಂದು ಅವಳು ಬೆರಗಾದಳು. ತಮ್ಮ ರಿಮೋಟಿನಲ್ಲಿ ಅಳತೆ ಬದಲಿಸಿ ಅವರನ್ನೆಲ್ಲ ಸಣ್ಣ ಮಾಡಿಕೊಟ್ಟ.

ಇನ್ನು ಅಟ್ಟದಲ್ಲಿದ್ದ ಹಳೆಯ ಬಾತುಕೋಳಿಯ ಬಂದೂಕು. ಅಕ್ಕನ ಮಗ ರಜೆಗೆ ಬಂದಿದ್ದ. ಗೆಳೆಯನೊಬ್ಬನ ಮನೆಯಲ್ಲಿ ಇನ್ನೂ ಉಸಿರಾಡುತ್ತಿದ್ದ ಟಿವಿ ಗೇಮ್ ಡಬ್ಬಿಯನ್ನು ತಂದು, ಹೊಸ ಟಿವಿಗೆ ಹಾಕಿಕೊಟ್ಟೆವು. ಬಂದೂಕನ್ನು ಪರದೆಗೆ ತಾಗಿಸಿ ಹೊಡೆದರೂ ಒಂದು ಬಾತುಕೋಳಿ ಬೀಳಲಿಲ್ಲ. ನೋಡಿದರೆ ಅದು ಬಂದೂಕೇ ಅಲ್ಲ, ಕಣ್ಣು. ಅದರಿಂದ ಏನೂ ಹೊರಡುವುದಿಲ್ಲ. ಅದರ ನಳಿಗೆಯ ತುದಿಯಲ್ಲಿ ಬೆಳಕನ್ನು ನೋಡುವ ಒಂದು ಬಿಡಿಭಾಗವಿದೆ. ಕುದುರೆ ಒತ್ತಿದ ಕ್ಷಣ ಪರದೆ ಒಮ್ಮೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಕಣ್ಣಿಗೆ ಆ ಬಿಳಿ ಸಿಕ್ಕರೆ ಕೋಳಿ ಸತ್ತಿತು. ಕೋಣೆಯ ಬಲ್ಬನ್ನು ಬಾತುಕೋಳಿ ಎಂದು ತಿಳಿಯಬಾರದಲ್ಲ, ಅದಕ್ಕೆ ಟ್ಯೂಬ್ ಟಿವಿಯ ಮಿಡಿತವನ್ನಷ್ಟೇ ಗುರುತಿಸುವಂತೆ ಅದನ್ನು ಪಳಗಿಸಿದ್ದರು. ನಮ್ಮ ಪಾಲ್ ಟಿವಿಯಲ್ಲಿ ಆ ಮಿಡಿತ ಸೆಕೆಂಡಿಗೆ 15,625 ಗೆರೆ. ಹೊಸ ಟಿವಿಯಲ್ಲಿ ಗೆರೆ ಎಳೆಯುವ ಕಿರಣವೇ ಇಲ್ಲ. ಮೇಲಾಗಿ ಅದು ಬಂದ ಚಿತ್ರವನ್ನು ಒಂದು ಕ್ಷಣ ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಬಂದೂಕು ನೋಡುವ ಹೊತ್ತಿಗೆ ಬಿಳಿ ಚೌಕ ಇನ್ನೂ ಬಂದಿರುವುದಿಲ್ಲ. ಇಷ್ಟು ಸ್ಪಷ್ಟವಾದ ಪರದೆಯ ಮುಂದೆ ಆ ಕಣ್ಣು ಕುರುಡು.

ಈ ‘ಒಂದು ಕ್ಷಣ’ದ ಮೇಲೆಯೇ ತಮ್ಮ ಮುಂದಿನ ಅನುಮಾನ ಹಾಕಿದ. ಏಕೆಂದರೆ ಹೊಸ ಟಿವಿ ಬಂದ ಮೇಲೂ ಅಪ್ಪ ಪ್ರತಿ ತಿರುವಿನಲ್ಲೂ ಕಾರನ್ನು ತಡೆಗೋಡೆಗೆ ಬಡಿಯುತ್ತಿದ್ದರು. ಹಳೆಯ ಟಿವಿಯಲ್ಲಾದರೆ ಕಾಣುತ್ತಿರಲಿಲ್ಲ ಅನ್ನೋಣ, ಈಗೇಕೆ? ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾರು ತಿರುಗುವುದಕ್ಕೂ ನಡುವಿನ ತಡವನ್ನು ಆಡುವವರು ಇನ್‌ಪುಟ್ ಲ್ಯಾಗ್ ಎನ್ನುತ್ತಾರೆ. ತಮ್ಮ ಸೆಟ್ಟಿಂಗಿನೊಳಗೆ ಹೊಕ್ಕು ಗೇಮ್ ಮೋಡ್ ಹುಡುಕಿ ಹಾಕಿದ. ಟಿವಿ ತನ್ನ ಅಲಂಕಾರದ ಕೆಲಸಗಳನ್ನೆಲ್ಲ ಬಿಟ್ಟು ಬಂದ ಚಿತ್ರವನ್ನು ಬಂದ ಹಾಗೆ ತೋರಿಸತೊಡಗಿತು. ತಮ್ಮನ ಕಾರು ಗೆರೆ ಹೊಡೆದಂತೆ ತಿರುಗಿತು. ಅಪ್ಪನದು ಮತ್ತೆ ಗೋಡೆಗೇ ಹೋಯಿತು.

ವೈರು ಬದಲಾಗಿತ್ತು, ಅಳತೆ ಸರಿಯಾಗಿತ್ತು, ತಡ ಹೋಗಿತ್ತು. ಆಗ ನಾನು ಗಮನಿಸಿದ್ದು ಕುರ್ಚಿಗಳನ್ನು. ಹಳೆಯ ಟಿವಿಗೆ ಎಲ್ಲರೂ ಚಾಪೆ ಹಾಸಿಕೊಂಡು ನಾಲ್ಕಡಿ ದೂರದಲ್ಲಿ ಕೂರುತ್ತಿದ್ದೆವು. ದೊಡ್ಡ ಟಿವಿ ಬಂದ ಮೇಲೆ ಎಲ್ಲರೂ ಗೋಡೆಯ ಕಡೆ, ಹತ್ತಡಿ ಹಿಂದಕ್ಕೆ ಸರಿದೆವು. ಅಪ್ಪ ಮಾತ್ರ ವಾರ ವಾರಕ್ಕೂ ಕುರ್ಚಿಯನ್ನು ಒಂದೊಂದು ಮೊಳ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬೆಂಗಳೂರಿನಿಂದ ಹದಿನೈದು ದಿನಕ್ಕೊಮ್ಮೆ ಬರುವ ನನಗೆ ಅದು ಎದ್ದು ಕಂಡಿತು. ‘ಇಷ್ಟು ಹತ್ರ ಯಾಕಪ್ಪಾ?’ ಅಂದರೆ, ‘ಆ ಕಡೆ ಫ್ಯಾನ್ ಗಾಳಿ ಬರಕಿಲ್ಲ ಕಣ್ಲಾ’ ಅಂದರು. ಫ್ಯಾನು ಇದ್ದದ್ದು ಹಜಾರದ ನಟ್ಟನಡುವೆ.

ಆ ತಿಂಗಳೇ ಮಂಡ್ಯದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಗೋಡೆಯ ಮೇಲೆ ಕನ್ನಡ ಅಕ್ಷರಗಳ ಪಟ್ಟಿ, ಮೇಲೆ ದೊಡ್ಡದು, ಕೆಳಗೆ ಹೋದಂತೆ ಸಣ್ಣದು. ಬಲಗಣ್ಣಿಗೆ ಎರಡನೆಯ ಸಾಲಿನಲ್ಲೇ ಅಪ್ಪ ನಿಂತರು, ಎಡಗಣ್ಣಿಗೆ ಇನ್ನೆರಡು ಸಾಲು ಇಳಿದರು. ಚೀಟಿಯಲ್ಲಿ 6/36, 6/18 ಎಂದು ಬರೆದರು. ಸರಿಯಾದ ಕಣ್ಣು 36 ಮೀಟರ್ ದೂರದಿಂದ ಓದುವುದನ್ನು ಅಪ್ಪನ ಬಲಗಣ್ಣು 6 ಮೀಟರಿನಿಂದ ಓದುತ್ತದೆ ಎಂದರ್ಥ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಲದ್ದು ಬಲಿತಿತ್ತು.

ಅಂದು ಸರತಿಯಲ್ಲಿ ಕೂತು ಆ ಪಟ್ಟಿಯ ವಿಚಾರ ಓದಿದಾಗ ನನಗೆ ಟಿವಿಯ ಲೆಕ್ಕವೇ ಮತ್ತೆ ಎದುರಾಯಿತು. ಈ ಪಟ್ಟಿಯ ಕ್ರಮವನ್ನು 1862ರಲ್ಲಿ ರೂಪಿಸಿದವರು ಹಾಲೆಂಡಿನ ವೈದ್ಯ ಹರ್ಮನ್ ಸ್ನೆಲೆನ್. ಒಂದು ಡಿಗ್ರಿ ಕೋನವನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಮಿನಿಟ್ ಎನ್ನುತ್ತಾರೆ. ಅಷ್ಟು ಸಣ್ಣದನ್ನು ಬಿಡಿಸಿ ನೋಡುವ ಕಣ್ಣು 6/6. ಟಿವಿ ಎಷ್ಟು ದೂರದಲ್ಲಿರಬೇಕೆಂದು ಹೇಳುವವರೂ ಇದೇ ಅಳತೆಯನ್ನೇ ಹಿಡಿಯುತ್ತಾರೆ. ನಮ್ಮ 32 ಇಂಚಿನ ಟಿವಿಯಲ್ಲಿ ಅಡ್ಡಕ್ಕೆ 1366 ಚುಕ್ಕಿ. ಒಂದೊಂದೂ ಅರ್ಧ ಮಿಲಿಮೀಟರಿನಷ್ಟು. ಒಳ್ಳೆಯ ಕಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣುವುದು ಆರಡಿಯೊಳಗೆ. ಅದರಾಚೆ ಕೂಡಿಕೊಂಡು ಚಿತ್ರವಾಗುತ್ತವೆ. 6/36ರ ಕಣ್ಣಿಗೆ ಹತ್ತಡಿ ದೂರದಿಂದ ಅರ್ಧ ಸೆಂಟಿಮೀಟರಿಗಿಂತ ಸಣ್ಣದೇನೂ ಬಿಡಿಯಾಗಿ ಕಾಣದು. ಅಂದರೆ ಅಪ್ಪನ ಪಾಲಿಗೆ ಹಳೆಯ ಟಿವಿ, ಹೊಸ ಟಿವಿ, ಹಳದಿ ಪಿನ್ನು, ಎಚ್‌ಡಿಎಂಐ ಎಲ್ಲ ಒಂದೇ. ‘ದೊಡ್ಡದಾಗದೆ’ ಎಂದದ್ದು ಅವರು ಕಂಡ ನಿಜ.

ಹಳೆಯ ಟಿವಿ ಅಪ್ಪನ ಕಣ್ಣಿಗೆ ಎಷ್ಟೋ ವರ್ಷ ಮರೆಯಾಗಿ ನಿಂತಿತ್ತು. ಅದು ಎಲ್ಲರಿಗೂ ಮಬ್ಬಾಗಿದ್ದರಿಂದ ಅವರಿಗೆ ಮಬ್ಬಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಮಿಕ್ಕದ್ದನ್ನು ಅಪ್ಪನೇ ಮುಚ್ಚಿಟ್ಟಿದ್ದರು. ಪೇಪರ್ ಓದುವುದನ್ನು ಬಿಟ್ಟಿದ್ದರು: ‘ಏನದೆ ಅದ್ರಲ್ಲಿ, ಬರೀ ರಾಜಕೀಯ.’ ರಾತ್ರಿ ನೀರು ಕಟ್ಟಲು ಹೋಗುವ ಸರದಿಯನ್ನು ಪಕ್ಕದ ಹೊಲದವರ ಹಗಲಿನ ಸರದಿಗೆ ಬದಲಾಯಿಸಿಕೊಂಡಿದ್ದರು: ‘ನಿದ್ದೆ ಕೆಡ್ತದೆ.’ ಆದರೆ ಮೊಪೆಡ್ ಬಿಟ್ಟಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ನಾಲೆ ಏರಿಯ ಮೇಲೆಯೇ ಮನೆಗೆ ಬರುತ್ತಿದ್ದರು. ಆ ಏರಿಗೆ ತಡೆಗೋಡೆ ಇಲ್ಲ. ಆಟದಲ್ಲಿ ಅವರ ಕಾರು ಗೋಡೆಗೆ ಬಡಿದಾಗಲೆಲ್ಲ ನಕ್ಕಿದ್ದ ತಮ್ಮ, ಆಸ್ಪತ್ರೆಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾಲೆಯನ್ನೇ ನೋಡುತ್ತ ಕೂತಿದ್ದ.

‘ಮೊದ್ಲೇ ಯಾಕಪ್ಪಾ ಯೋಳ್ಲಿಲ್ಲ?’ ಎಂದು ಅವನು ಕೇಳಿದ.

‘ಯೋಳಿದ್ರೆ ಗಾಡಿ ಕಿತ್ಕತಿದ್ರಿ’ ಅಂದರು ಅಪ್ಪ.

ಕಬ್ಬು ಕಡಿದು ಮುಗಿದ ಮೇಲೆ ಬಲಗಣ್ಣಿನ ಆಪರೇಷನ್ ಆಯಿತು. ಮಬ್ಬಾದ ಮಸೂರವನ್ನು ತೆಗೆದು, ಉದ್ದಿನ ಕಾಳಿಗಿಂತ ತುಸು ದೊಡ್ಡದಾದ ಒಂದು ಕೃತಕ ಮಸೂರವನ್ನು ಕೂರಿಸುತ್ತಾರೆ. ಇದನ್ನು ಮೊದಲು ಮಾಡಿದ್ದು 1949ರಲ್ಲಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ. ಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ಕು ಒಡೆದು ಪೈಲಟ್ಟುಗಳ ಕಣ್ಣಿನೊಳಗೆ ಸೇರಿಕೊಂಡಿದ್ದ ಚೂರುಗಳನ್ನು ಕಣ್ಣು ಹೊರದಬ್ಬದೆ ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಹಾಗಾದರೆ ಅದರಿಂದಲೇ ಮಸೂರ ಮಾಡಬಹುದಲ್ಲ ಎಂದುಕೊಂಡರು. ಅಪ್ಪನಿಗೆ ಇದನ್ನು ಹೇಳಿದೆ. ‘ಅಂಗಾರೆ ನನ್ ಕಣ್ಣಾಗೆ ಇರಾದು ಇಮಾನದ ಕಿಟಕಿ ಅನ್ನು’ ಅಂದರು.

ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ಹೇಳಿದ್ದು ಅಕ್ಷರದ ಮಾತಲ್ಲ, ಬಣ್ಣದ ಮಾತು. ಪೊರೆ ಬಂದ ಮಸೂರ ಹಳದಿ ತಿರುಗಿ ನೀಲಿಯನ್ನು ತಡೆದುಬಿಡುತ್ತದೆ. ಅಪ್ಪ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಗೋಡೆ ನೋಡಿದರು. ‘ಈ ಕಣ್ಣಿಗೆ ಸುಣ್ಣ ಹೊಡ್ದಂಗದೆ, ಆ ಕಣ್ಣಿಗೆ ಬೆಲ್ಲದ ನೀರು ಎರಚಿದಂಗದೆ’ ಅಂದರು. ಆಲೆಮನೆ ಕಂಡವರಿಗೆ ಇದಕ್ಕಿಂತ ಸರಿಯಾಗಿ ಹೇಳಲು ಬರುವುದಿಲ್ಲ. ಮುಂದಿನ ವರ್ಷ ಎಡಗಣ್ಣಿನದೂ ಆಯಿತು. ಕಾರಿನ ಆಟದಲ್ಲಿ ತಮ್ಮನನ್ನು ಸೋಲಿಸಲು ಅವರಿಗೆ ಇನ್ನೂ ಆಗಿಲ್ಲ, ಆದರೆ ಗೋಡೆಗೆ ಹೊಡೆಯುವುದು ನಿಂತಿತು. ಆಮೇಲೆ ದೂರುವುದು ಶುರುವಾಯಿತು: ಈ ಚಾನೆಲ್ಲು ಮಬ್ಬು, ಆ ಚಾನೆಲ್ಲು ಮಬ್ಬು, ಎಚ್‌ಡಿ ಪ್ಯಾಕು ಹಾಕಿಸಿ.

ಆ ಪರದೆಯಲ್ಲಿ ಅವರು ಕಣ್ಣಾರೆ ನೋಡಿದ್ದೆಲ್ಲ ನೋಡಬೇಕಾದದ್ದೇ ಆಗಿರಲಿಲ್ಲ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಹಾಡಹಗಲೇ ವಿ.ಸಿ. ನಾಲೆಗೆ ಬಿದ್ದು ಮೂವತ್ತು ಜನ ತೀರಿಹೋದರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ನಾಲೆ, ಅದೇ ಥರದ ಏರಿ. ದಡದಲ್ಲಿ ಸಾಲಾಗಿಟ್ಟ ಶಾಲೆಯ ಚೀಲಗಳು ಟಿವಿಯಲ್ಲಿ ಕಂಡವು ಎಂದು ಅವ್ವ ಫೋನಿನಲ್ಲಿ ಹೇಳಿದಳು. ಅಪ್ಪ ಹತ್ತಡಿ ದೂರದಲ್ಲಿ, ತಮ್ಮ ಜಾಗದಲ್ಲೇ ಕೂತು ಮಾತಿಲ್ಲದೆ ನೋಡಿದರಂತೆ. ಅಂದು ರಾತ್ರಿಯೇ ಅಂಬರೀಶ್ ಹೋದ ಸುದ್ದಿಯೂ ಬಂತು. ಆ ಹೊತ್ತಿಗೆ ಊರಿನಲ್ಲಿ ಯಾರ ಮನೆಯ ಟಿವಿಯೂ ಆರಲಿಲ್ಲ, ನಮ್ಮನೆಯದೊಂದನ್ನು ಬಿಟ್ಟು. ಅಪ್ಪ ಎದ್ದು ಹೋಗಿ ಸ್ವಿಚ್ಚನ್ನೇ ಆರಿಸಿದ್ದರು. ಮರುದಿನದಿಂದ ಅವರು ಮೊಪೆಡ್ಡನ್ನು ಏರಿಯ ಮೇಲೆ ತರುವುದು ಬಿಟ್ಟು, ಊರೊಳಗಿನ ಸುತ್ತುದಾರಿ ಹಿಡಿದರು. ಯಾರೂ ಹೇಳಿದ್ದಲ್ಲ.

ಈಗ ತಮ್ಮ ಮತ್ತೆ ಶುರು ಮಾಡಿದ್ದಾನೆ. ಹೊಸ ಕನ್ಸೋಲು ತರಬೇಕಂತೆ, ಅದಕ್ಕೆ 43 ಇಂಚಿನ 4ಕೆ ಟಿವಿ ಬೇಕಂತೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದನ್ನು ಅವನು ಮನೆಯವರೆಲ್ಲರಿಗೂ ಬಾಯಿಪಾಠ ಮಾಡಿಸಿದ್ದಾನೆ. 4ಕೆ ಎಂದರೆ ಅಡ್ಡಕ್ಕೆ 3840 ಚುಕ್ಕಿ, ಒಟ್ಟು ಎಂಬತ್ತು ಲಕ್ಷದ ಮೇಲೆ. ನಾನು ಹಳೆಯ ಲೆಕ್ಕವನ್ನೇ ಮಾಡಿ ತೋರಿಸಿದೆ: 43 ಇಂಚಿನಲ್ಲಿ ಅಷ್ಟೂ ಚುಕ್ಕಿಯನ್ನು ಬಿಡಿಸಿ ನೋಡಬೇಕಾದರೆ 6/6 ಕಣ್ಣಿನವನೂ ಮೂರಡಿಯೊಳಗೆ ಕೂರಬೇಕು. ಹತ್ತಡಿಯಿಂದ ಅರ್ಧಕ್ಕರ್ಧ ದುಡ್ಡು ಗಾಳಿಗೆ. ‘ಅಣ್ಣ, ನೀನು ಲೆಕ್ಕ ಹಾಕು, ನಾನು ಆಟ ಆಡ್ತೀನಿ’ ಅಂದ.

ತೀರ್ಪು ಕೊಟ್ಟದ್ದು ಅಪ್ಪ. ‘ತರಾನ ಬುಡ್ರಿ. ಅದುಕ್ ಮೊದ್ಲು ನಿಮ್ಮವ್ವನ್ ಕಣ್ಣು ತೋರ್ಸಿ. ಸೀರಿಯಲ್‌ನಲ್ಲಿ ಅತ್ತೆ ಯಾರು ಸೊಸೆ ಯಾರು ಗೊತ್ತಾಗಕಿಲ್ಲ, ಎಲ್ಲಾ ಒಂದೇ ಥರ ಕಾಣ್ತವ್ರೆ ಅಂತಾವ್ಳೆ.’

ಒಳಗಿನಿಂದ ಅವ್ವ ಕೂಗಿದಳು: ‘ನನ್ ಕಣ್ಣು ಸರಿಯಾಗವೆ. ಟಿವಿನೇ ಹಳೇದಾಗದೆ.’